ಉಂಡೆ ನಿಜವಾಗಿ ಹೇಳಿದ್ದೇನು?

"ಬಾಗಿಲು ಹಾಕೋ ಬೇಗ! ಅಪ್ಪ ಎದ್ರೆ ಇಬ್ಬರಿಗೂ ಗ್ರಹಚಾರ ಕಾದಿದೆ!"

ವಕೀಲಮ್ಮ ಪಿಸುಗುಟ್ಟಿದಳು. ಅವಳ ತಮ್ಮ ಉಂಡೆ ಬಾತ್‌ರೂಮಿನ ಬಾಗಿಲನ್ನು ಬೆನ್ನಿನಿಂದ ತಳ್ಳಿ ಮುಚ್ಚಿದ. ಇಬ್ಬರೂ ಒಣಗಿದ ಬಾತ್‌ಟಬ್ಬಿನೊಳಗೆ ಇಳಿದು ಚಕ್ಕಳಮಕ್ಕಳ ಹಾಕಿಕೊಂಡು ಕೂತರು. ಫೋನನ್ನು ಸೋಪಿಡುವ ಜಾಗದಲ್ಲಿ ಒರಗಿಸಿದರು. ಭಾನುವಾರ ಅಜ್ಜಿಗೆ ಫೋನ್ ಮಾಡುವುದು ಯಾವಾಗಲೂ ಇಲ್ಲಿಂದಲೇ.

ಯಾಕೆಂದರೆ ಅಪ್ಪನಿಗೆ ಬೇಕರಿಯಲ್ಲಿ ನೈಟ್ ಶಿಫ್ಟ್. ರಾತ್ರಿಯಿಡೀ ಹಿಟ್ಟು ನಾದುವ ಮಶೀನಿನ ಮುಂದೆ ನಿಂತು ಬಂದು, ಹಗಲಲ್ಲಿ ಕುಂಭಕರ್ಣನ ನಿದ್ದೆ. ಅಮ್ಮನಿಗೆ ಭಾನುವಾರವೂ ಕೆಲಸ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೂತು ಹರಿದ ಚಾದರಗಳಿಗೆ ಹೊಲಿಗೆ ಹಾಕುತ್ತಾಳೆ. ಮನೆಯಲ್ಲಿ ಇರುವುದೇ ಒಂದು ಕೋಣೆ, ಒಂದು ಅಡುಗೆಮನೆ. ಮಾತಾಡಿದರೆ ಅಪ್ಪನಿಗೆ ಕೇಳಿಸದ ಜಾಗ ಬಾತ್‌ರೂಮ್ ಒಂದೇ. ಪಾಪ, ಅಜ್ಜಿಗೆ ಇದು ಗೊತ್ತಿಲ್ಲ. "ನಿಮ್ಮನೆ ಗೋಡೆ ಎಷ್ಟು ಬೆಳ್ಳಗೆ ಫಳಫಳ ಅನ್ನುತ್ತೆ ಕಣೇ, ಅರಮನೆ ಇದ್ದ ಹಾಗಿದೆ" ಎನ್ನುತ್ತಾಳೆ.

ಅಜ್ಜಿಯ ಮುಖ ಫೋನಿನ ತುಂಬ ಬಂತು. ಅವಳು ಫೋನನ್ನು ಎಷ್ಟು ಹತ್ತಿರ ಹಿಡಿಯುತ್ತಾಳೆಂದರೆ ಒಮ್ಮೊಮ್ಮೆ ಬರೀ ಮೂಗು ಕಾಣುತ್ತದೆ, ಒಮ್ಮೊಮ್ಮೆ ಬರೀ ಕನ್ನಡಕ.

"ಬಂದ್ಯಾ ನನ್ನ ಬಂಗಾರ? ಇವತ್ತು ನಿನಗೊಂದು ಸರ್‌ಪ್ರೈಸ್ ಇದೆ. ಕಣ್ಣು ಮುಚ್ಕೋ... ಹ್ಞಾಂ, ಈಗ ಬಿಡು!"

ಅಜ್ಜಿಯ ಮೂಗಿದ್ದ ಕಡೆ ಒಂದು ಕಪ್ಪನೆಯ ಒದ್ದೆ ಮೂಗು ಬಂತು. ಹಿಂದೆಯೇ ಎರಡು ಜೋಲು ಕಿವಿ. ಆಮೇಲೆ, "ಭೌ!"

ನಾಯಿಮರಿ!

ಉಂಡೆ ಕಿಟಾರನೆ ಕಿರುಚಿದ. ಟಬ್ಬಿನಿಂದ ಹಾರಿ ಒಗೆಯುವ ಬಟ್ಟೆಯ ಬುಟ್ಟಿಯ ಹಿಂದೆ ಸೇರಿಕೊಂಡ. "ತೆಗಿ ಅದನ್ನ! ತೆಗಿ! ನನಗೆ ಬೇಡ!" ಎಂದು ಅಲ್ಲಿಂದಲೇ ಕೂಗಿದ. ಕೂಗಿದ್ದೆಲ್ಲ ಅವರು ಈಗಿರುವ ಪರದೇಶದ ಭಾಷೆಯಲ್ಲಿ. ನಾವಿಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೇವೆ, ಅಷ್ಟೆ.

"ಏನೇ ಅದು ಗಲಾಟೆ? ಏನಂತಾನೆ ನನ್ನ ಕಂದ?" ಅಜ್ಜಿ ಕೇಳಿದಳು.

ವಕೀಲಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಳು. "ಖುಷಿ ಅಜ್ಜಿ, ಖುಷಿ! ಖುಷಿ ತಡೀಲಾರದೆ ಕುಣೀತಿದಾನೆ!"

"ನನಗೆ ಗೊತ್ತಿತ್ತು!" ಅಜ್ಜಿಯ ಕನ್ನಡಕ ಕುಣಿಯಿತು. "ಅವತ್ತು ಬೀದಿನಾಯಿ ಬೊಗಳಿದಾಗ ನನಗೂ ಒಂದು ನಾಯಿ ಬೇಕು ಅಂದಿದ್ನಲ್ಲ? ನಿಮ್ಮ ಮಾವನ ಹತ್ರ ಜಗಳ ಆಡಿ ತಂದಿದೀನಿ. ದೊಡ್ಡ ಮಂಚಾನೂ ಮಾಡಿಸಿ ಆಯ್ತು. ಅಜ್ಜಿ ಪಕ್ಕಾನೇ ಮಲಗ್ತೀನಿ ಅಂದಿದಾನಲ್ಲ! ಏರ್‌ಪೋರ್ಟಿಗೂ ನಾನೇ ಬರೋದು. ಓಡಿ ಬಂದು ಹೆಗಲೇರ್ತಾನಂತೆ, ಅದಕ್ಕೇ ದಿನಾ ಸೊಂಟಕ್ಕೆ ಎಣ್ಣೆ ತಿಕ್ಕಿ ರೆಡಿ ಮಾಡ್ತಿದೀನಿ."

ವಕೀಲಮ್ಮ ನಕ್ಕಳು. ಉಂಡೆ ಅಡಗಿದ್ದ ಬುಟ್ಟಿ ಕಾಣದ ಹಾಗೆ ಫೋನನ್ನು ಮಾತ್ರ ಮೆಲ್ಲಗೆ ತಿರುಗಿಸಿದಳು.

ಏಕೆಂದರೆ ಉಂಡೆ ಇದರಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ. ನಾಯಿಯ ಮಾತು, ಮಂಚದ ಮಾತು, ಹೆಗಲೇರುವ ಮಾತು ಎಲ್ಲ ವಕೀಲಮ್ಮನದೇ ತಯಾರಿ.

ಅವಳಿಗೆ ವಕೀಲಮ್ಮ ಅಂತ ಹೆಸರಿಟ್ಟದ್ದು ಅಪ್ಪ. ಮನೆಯಲ್ಲಿ ಅಲ್ಲಿಯ ಭಾಷೆ ಚೆನ್ನಾಗಿ ಬರುವುದು ಅವಳಿಗೊಬ್ಬಳಿಗೇ. ಹಾಗಾಗಿ ಅಂಗಡಿಯಲ್ಲಿ ಅಮ್ಮನ ಪರವಾಗಿ ಅವಳು, ಡಾಕ್ಟರ ಹತ್ತಿರ ಅಪ್ಪನ ಪರವಾಗಿ ಅವಳು. ಒಂದು ಸಲ ಕೆಳಗಿನ ಮನೆಯ ಓನರ್ ಬಂದು, "ಮೆಟ್ಟಿಲ ಮೇಲೆ ಕಸದ ಚೀಲ ಇಟ್ಟ ಕತ್ತೆ ಯಾರು?" ಎಂದು ಎಗರಾಡಿದ್ದ. ವಕೀಲಮ್ಮ ಅಪ್ಪನಿಗೆ, "ದಯವಿಟ್ಟು ಚೀಲ ಒಳಗಿಡಿ ಅಂತಿದಾರೆ ಅಪ್ಪ" ಎಂದಳು. ಅಪ್ಪ, "ಇವನ ತಲೆ! ಅದನ್ನ ಹೇಳೋಕೆ ಇಷ್ಟು ಕೂಗಬೇಕಾ?" ಎಂದ. ವಕೀಲಮ್ಮ ಓನರ್ ಕಡೆ ತಿರುಗಿ, "ಅಪ್ಪ ಸಾರಿ ಕೇಳ್ತಿದಾರೆ" ಎಂದಳು. ಅವತ್ತಿನಿಂದ ಓನರೂ ಅಪ್ಪನೂ ಜೀವದ ಗೆಳೆಯರು. ನೋಡಿ, ಒಂದು ಮಾತನ್ನು ಸ್ವಲ್ಪ ತಿರುಗಿಸಿದರೆ ಎಷ್ಟು ಒಳ್ಳೆಯದಾಯಿತು!

ಅಜ್ಜಿಯ ವಿಷಯದಲ್ಲೂ ಶುರುವಾದದ್ದು ಹಾಗೆಯೇ. ಉಂಡೆ ಕೈಕೂಸಾಗಿದ್ದಾಗ ಆ ದೇಶಕ್ಕೆ ಬಂದವನು. ಅಪ್ಪ ಅಮ್ಮ ಇಬ್ಬರೂ ದುಡಿಯುವವರು, ಅವನು ಬೆಳೆದದ್ದೆಲ್ಲ ಬೇಬಿಕೇರಿನಲ್ಲಿ. ಕನ್ನಡ ಹೇಳಿದರೆ ಅಲ್ಪಸ್ವಲ್ಪ ಅರ್ಥವಾಗುತ್ತದೆ. ತಿರುಗಿ ಮಾತಾಡುವುದು ಮಾತ್ರ ಅಲ್ಲಿಯ ಭಾಷೆಯಲ್ಲೇ. ಮಾತು ಕಲಿತ ಹೊಸತರಲ್ಲಿ ಒಂದು ದಿನ ಅವನು ಅಜ್ಜಿಯ ಮುಖ ನೋಡಿ, "ಇದು ಬೇಡ, ಕಾರ್ಟೂನ್ ಹಾಕು" ಎಂದ. "ಏನಂದ, ಏನಂದ?" ಎಂದು ಅಜ್ಜಿ ಫೋನಿಗೆ ಕಿವಿ ಒತ್ತಿದಳು. ಆ ಕಿವಿಯನ್ನು ನೋಡಿ ವಕೀಲಮ್ಮನಿಗೆ ಕಾರ್ಟೂನಿನ ಮಾತು ಹೇಳಲು ಮನಸ್ಸೇ ಬರಲಿಲ್ಲ. "ಅಜ್ಜಿ ತುಂಬಾ ಚೆನ್ನಾಗಿದಾಳೆ ಅಂದ" ಎಂದುಬಿಟ್ಟಳು. ಅಜ್ಜಿಯ ಮುಖ ಊರಗಲವಾಯಿತು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಒಂದೊಂದು ಸಿಹಿ ಮಾತು.

ದೂರದಲ್ಲಿದ್ದಾಗ ಏನೂ ತೊಂದರೆ ಇರಲಿಲ್ಲ. ಈಗ ಅಪ್ಪನ ಕೆಲಸದ ಅವಧಿ ಮುಗಿದಿತ್ತು. ಎಲ್ಲರೂ ಊರಿಗೆ ಹೊರಡುವವರಿದ್ದರು. ಮುಂದಿನ ಭಾನುವಾರ ಕಳೆದರೆ ವಿಮಾನ.

*

"ನೋಡು ಉಂಡೆ, ಏರ್‌ಪೋರ್ಟಿನಲ್ಲಿ ಒಬ್ಬರು ಅಜ್ಜಿ ನಿಂತಿರ್ತಾರೆ. ನೀನು ಓಡಿ ಹೋಗಿ 'ಅಜ್ಜಿ, ಎತ್ಕೋ' ಅನ್ಬೇಕು. ಅಂದ್ರೆ ಬಿಸ್ಕತ್ತು."

ಸೋಮವಾರದಿಂದ ಟ್ರೈನಿಂಗ್ ಶುರುವಾಯಿತು. ಅಡುಗೆಮನೆಯ ಒಂದು ಕಡೆ ವಕೀಲಮ್ಮ ಸೆರಗಿನಂತೆ ಟವೆಲ್ ಹೊದ್ದು ಅಜ್ಜಿಯಾಗಿ ನಿಂತಳು. ಇನ್ನೊಂದು ಕಡೆಯಿಂದ ಉಂಡೆ ಓಡಿಬರಬೇಕು.

ಉಂಡೆ ಬಿಸ್ಕತ್ತನ್ನೇ ನೋಡುತ್ತ ಓಡಿಬಂದು, "ಅಜ್ಜಿ ಎತ್ಕೋ" ಎಂದ. ಕನ್ನಡದಲ್ಲೇ! ಬಿಸ್ಕತ್ತು ಬಾಯಿಗೆ ಹೋಯಿತು. ಇನ್ನೊಂದು ಸಲ. ಮತ್ತೊಂದು ಸಲ. ವಕೀಲಮ್ಮನಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಬೆಳಿಗ್ಗೆ ಉಂಡೆ ಅಡುಗೆಮನೆಗೆ ಬಂದು ಬಿಸ್ಕತ್ತಿನ ಡಬ್ಬಿಯ ಕಡೆ ಕೈ ತೋರಿಸಿದ. ಅಮ್ಮನ ಮುಖ ನೋಡಿ ಗಂಭೀರವಾಗಿ, "ಅಜ್ಜಿ ಎತ್ಕೋ" ಎಂದ.

"ಏನಂತಿದಾನೇ ಇವನು?" ಅಮ್ಮ ಕೇಳಿದಳು.

"ಬಿಸ್ಕತ್ತು ಬೇಕಂತೆ" ಎಂದಳು ವಕೀಲಮ್ಮ ಸೋತ ದನಿಯಲ್ಲಿ. ಅವತ್ತು ಅವಳು ಹೇಳಿದ್ದು ನಿಜವೇ ಆಗಿತ್ತು.

ನಾಯಿಯ ಟ್ರೈನಿಂಗ್ ಇನ್ನೂ ಕೆಟ್ಟದಾಗಿ ಮುಗಿಯಿತು. ಬೀದಿಯ ಕೊನೆಯಲ್ಲಿ ಕ್ಷೌರದಂಗಡಿಯವನ ಮುದಿ ನಾಯಿ ದಿನವಿಡೀ ಮಲಗಿರುತ್ತದೆ. ಅದಕ್ಕೆ ಬೊಗಳಲೂ ಸೋಮಾರಿತನ. ವಕೀಲಮ್ಮ ತಮ್ಮನನ್ನು ಅದರ ಮುಂದೆ ನಿಲ್ಲಿಸಿ, "ಮುಟ್ಟು, ಏನೂ ಮಾಡಲ್ಲ" ಎಂದಳು. ನಾಯಿ ಒಂದೇ ಒಂದು ಸಲ ಆಕಳಿಸಿತು. ಉಂಡೆ ಅಷ್ಟೂ ಹಲ್ಲುಗಳನ್ನು ನೋಡಿದ. ಆಮೇಲೆ ಮನೆಯವರೆಗೂ ಅವನನ್ನು ಎತ್ತಿಕೊಂಡೇ ಬರಬೇಕಾಯಿತು. ದಾರಿಯುದ್ದಕ್ಕೂ ಅವನ ಕಣ್ಣೀರು ಅವಳ ಕತ್ತಿನ ಮೇಲೆ ಇಳಿಯುತ್ತಿತ್ತು.

ಅವತ್ತು ಸಂಜೆ ಅವಳು ಅಮ್ಮನ ಹತ್ತಿರ ಹೇಳಿಬಿಡಬೇಕೆಂದು ಹೋದಳು. ಅಮ್ಮ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಳು.

"ಅಮ್ಮ, ಅಜ್ಜಿ ವಿಷಯ..."

"ಅಯ್ಯೋ, ಅಜ್ಜಿ ವಿಷಯ ಕೇಳಲೇಬೇಡ!" ಅಮ್ಮ ನಕ್ಕಳು. "ನೆಲದ ಮೇಲೆ ನಿಲ್ತಿಲ್ಲ ಅವಳು. ಸ್ಕೂಲ್ ವ್ಯಾನಿನ ಮಕ್ಕಳಿಗೆಲ್ಲ ಹೇಳ್ಕೊಂಡು ಬಂದಿದಾಳಂತೆ, ನನ್ನ ಮೊಮ್ಮಗ ನನ್ನ ಹೆಗಲೇರ್ತಾನೆ ಅಂತ. ಹೋದ ವರ್ಷ ಅಷ್ಟು ಕಾಯಿಲೆ ಬಿದ್ದವಳು ಮೇಲೆದ್ದಿದ್ದೇ ಉಂಡೆ ಮಾತು ಕೇಳಿ ಕಣೇ. ಬಾ, ಈ ಕಡೆ ಕೂತ್ಕೋ, ಜಿಪ್ ಹತ್ತುತ್ತೇನೋ ನೋಡೋಣ."

ಅಜ್ಜಿಗೆ ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ವ್ಯಾನಿನ ತುಂಬ ಮಕ್ಕಳೆಂದರೆ ಊರಿಗೆಲ್ಲ ಗೊತ್ತಾದ ಹಾಗೆಯೇ. ವಕೀಲಮ್ಮ ಸೂಟ್‌ಕೇಸಿನ ಮೇಲೆ ಕೂತಳು. ಹೇಳಬೇಕೆಂದದ್ದನ್ನು ಬಿಟ್ಟು ಜಿಪ್ ಎಳೆದಳು.

ಆ ವಾರ ಶಾಲೆಯಲ್ಲಿ ಟೀಚರ್ ಅವಳನ್ನು ಕರೆದು, "ಊರಿಗೆ ಹೋಗಲು ಖುಷಿಯಾ?" ಎಂದು ಕೇಳಿದರು. "ನನ್ನ ತಮ್ಮನಿಗೆ ಸ್ವಲ್ಪ ಭಯ" ಎಂದಳು ವಕೀಲಮ್ಮ. ಟೀಚರ್ ಅವಳನ್ನು ಒಂದು ಕ್ಷಣ ನೋಡಿ, ತಲೆ ಸವರಿ ಕಳಿಸಿದರು.

*

ಶನಿವಾರ ಮನೆಯ ಸಾಮಾನೆಲ್ಲ ಹೊರಟಿತು. ಸೋಫಾವನ್ನು ಇಬ್ಬರು ಬಂದು ಹೊತ್ತುಕೊಂಡು ಹೋದರು. ಮಂಚ, ಮೇಜು, ಫ್ರಿಜ್ ಒಂದೊಂದಾಗಿ ಮೆಟ್ಟಿಲಿಳಿದು ವ್ಯಾನ್ ಹತ್ತಿದವು. ಫ್ರಿಜ್ ಹೋಗುವಾಗ ಉಂಡೆ ಅದರ ಹಿಂದೆಯೇ ಬೀದಿಯವರೆಗೂ ಓಡಿದ. ರಾತ್ರಿ ಎಲ್ಲರೂ ನೆಲದ ಮೇಲೆ ಮಲಗಿದರು. ಅಪ್ಪ ಕೊನೆಯ ಶಿಫ್ಟಿಗೆ ಹೋದ.

ಭಾನುವಾರ ಬೆಳಿಗ್ಗೆ ಅಪ್ಪ ಬಂದು ಮಲಗಿದ, ಅಮ್ಮ ಕೆಲಸಕ್ಕೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಉಂಡೆ ಇಲ್ಲ!

ಖಾಲಿ ಮನೆಯಲ್ಲಿ ಹುಡುಕುವುದಕ್ಕಾದರೂ ಏನಿದೆ? ಬಾಗಿಲ ಹಿಂದೆ ಇಲ್ಲ, ಡಬ್ಬಗಳ ಹಿಂದೆ ಇಲ್ಲ. ವಕೀಲಮ್ಮ ಮೆಟ್ಟಿಲಿಗೂ ಇಣುಕಿ ನೋಡಿದಳು. ಬಾತ್‌ರೂಮಿಗೆ ಓಡಿದಳು.

ಉಂಡೆ ಬಾತ್‌ಟಬ್ಬಿನಲ್ಲಿದ್ದ. ದಿಂಬು, ಹೊದಿಕೆ, ಎರಡು ಕಾರು, ಶೂಗಳು ಎಲ್ಲವನ್ನೂ ತಂದು ಟಬ್ಬಿನೊಳಗೆ ಜೋಡಿಸಿಕೊಂಡು ರಾಜನ ಹಾಗೆ ಕೂತಿದ್ದ.

"ಏನೋ ಇದು? ಜೀವಾನೇ ಹೋಯ್ತಲ್ಲೋ ನಂದು!"

"ಇದನ್ನ ಯಾರಿಗೂ ಎತ್ಕೊಂಡು ಹೋಗೋಕಾಗಲ್ಲ. ನಾನು ಎಳೆದು ನೋಡಿದೆ, ಗಟ್ಟಿಯಾಗಿದೆ. ನಾನು ಇಲ್ಲೇ ಇರ್ತೀನಿ. ನೀವು ಹೋಗಿ" ಎಂದ ಉಂಡೆ.

"ಯಾಕೋ?"

ಉಂಡೆ ಕಾರಿನ ಚಕ್ರ ತಿರುಗಿಸಿದ. ಆಮೇಲೆ ಮೆಲ್ಲಗೆ ಹೇಳಿದ. "ನಾನು ಫೋನಿನ ಒಳಗೆ ಬರಲ್ಲ. ಅಲ್ಲಿ ಎಲ್ಲಾ ಚಿಕ್ಕದು. ಅಜ್ಜಿಗೆ ಕಾಲೇ ಇಲ್ಲ. ಒಳಗೆ ಹೋದ್ರೆ ನನ್ನ ಕಾಲೂ ಹೋಗುತ್ತೆ."

ವಕೀಲಮ್ಮನಿಗೆ ಮೊದಲು ನಗು ಬಂತು. ಆಮೇಲೆ ಅವನ ಮುಖ ನೋಡಿದಳು. ನಗು ಅಲ್ಲೇ ನಿಂತಿತು. ಇಷ್ಟು ದಿನ ಅವನ ಹೆಸರಿನಲ್ಲಿ ಏನೆಲ್ಲ ಮಾತಾಡಿದ್ದಳು! ಅವನಿಗೆ ಹೇಗನ್ನಿಸುತ್ತಿದೆ ಎಂದು ಒಂದು ದಿನವಾದರೂ ಕೇಳಿರಲಿಲ್ಲ.

ಅಷ್ಟರಲ್ಲಿ ಫೋನ್ ರಿಂಗಾಯಿತು. ಅಪ್ಪ ಎದ್ದಾನೆಂದು ಅವಳು ಗಡಬಡಿಸಿ ಒತ್ತಿದಳು. ಅಜ್ಜಿಯ ಕನ್ನಡಕ ಬಂತು.

"ನನ್ನ ಬಂಗಾರ ಎಲ್ಲಿ? ಬ್ಯಾಗೆಲ್ಲ ತುಂಬಿ ಆಯ್ತಾ? ಅಜ್ಜಿ ಹತ್ರ ಬರೋಕೆ ರೆಡೀನಾ? ಏನಂತಾನೆ ಹೇಳೇ!"

"ಅವನು... ನಿನ್ನ ನೋಡೋಕೆ ಒಂಟಿ ಕಾಲಲ್ಲಿ..."

"ಅಕ್ಕ," ಉಂಡೆ ಅವಳ ತೋಳು ಎಳೆದ. "ಅದಲ್ಲ. ಅಜ್ಜಿಗೆ ಕಾಲಿದೆಯಾ ಕೇಳು. ನಾನು ಹೇಳಿದ್ದನ್ನೇ ಕೇಳು."

ವಕೀಲಮ್ಮ ತಮ್ಮನನ್ನು ನೋಡಿದಳು, ಫೋನನ್ನು ನೋಡಿದಳು. 

"ಅಜ್ಜಿ, ನಿನಗೆ ಕಾಲಿದೆಯಾ ಅಂತ ಕೇಳ್ತಿದಾನೆ."

"ಏನು?"

"ನಿನಗೆ ಕಾಲಿಲ್ಲ ಅನ್ಕೊಂಡಿದಾನೆ. ನೀನು ಫೋನಿನ ಒಳಗೆ ಇರೋಳು, ಅಲ್ಲಿಗೆ ಬಂದ್ರೆ ಅವನೂ ಪುಟಾಣಿ ಆಗಿಬಿಡ್ತಾನೆ ಅನ್ಕೊಂಡಿದಾನೆ. ಬರಲ್ಲ ಅಂತ ಬಾತ್‌ಟಬ್ಬಿನಲ್ಲಿ ಕೂತಿದಾನೆ. ಇದು ಬಾತ್‌ರೂಮ್ ಅಜ್ಜಿ. ಅರಮನೆ ಅಲ್ಲ."

ಅಜ್ಜಿ ಫೋನನ್ನು ಮುಖದಿಂದ ಸ್ವಲ್ಪ ದೂರ ಹಿಡಿದಳು. "ಮತ್ತೆ ಹೆಗಲೇರ್ತೀನಿ ಅಂದಿದ್ದು?"

"ನಾನೇ ಹೇಳಿದ್ದು."

"ನನ್ನ ಪಕ್ಕ ಮಲಗ್ತೀನಿ ಅಂದಿದ್ದು?"

"ಅದೂ ನಾನೇ."

"ನಾಯಿ?"

"ನಾಯಿ ಕಂಡ್ರೆ ಅವನಿಗೆ ತುಂಬಾ ಭಯ ಅಜ್ಜಿ. ಅವತ್ತು ಕುಣಿದಿದ್ದಲ್ಲ, ಹೆದರಿ ಕಿರುಚಿದ್ದು. ನೀನು ಖುಷಿಯಾಗಿರ್ಲಿ ಅಂತ ಹೇಳ್ತಾ ಹೋದೆ. ಆಮೇಲೆ ನಿಲ್ಲಿಸೋಕೇ ಆಗ್ಲಿಲ್ಲ."

 ಫೋನಿನಲ್ಲಿ ಬರೀ ಸೂರು ಕಾಣಿಸಿತು. ಒಂದು ಫ್ಯಾನು ಗರಗರ ತಿರುಗುತ್ತಿತ್ತು. ಅಜ್ಜಿ ಫೋನ್ ಇಟ್ಟು ಎದ್ದು ಹೋದಳೆಂದು ವಕೀಲಮ್ಮನಿಗೆ ಅನ್ನಿಸಿತು. ಹೋಗಲಿ, ಹೋಗುವಂಥ ಕೆಲಸವನ್ನೇ ಮಾಡಿದ್ದೇನೆ ಅಂದುಕೊಂಡಳು. ಆದರೂ ಫೋನ್ ಕಟ್ ಮಾಡಲು ಅವಳ ಬೆರಳು ಏಳಲಿಲ್ಲ.

"ನನಗೆ ಬೇಜಾರಾಯ್ತು ಕಣೇ," ಅಜ್ಜಿಯ ದನಿ ಎಲ್ಲಿಂದಲೋ ಬಂತು. ಮೂಗು ಏರಿಸಿದ ಸದ್ದು. "ತುಂಬಾ ಬೇಜಾರಾಯ್ತು. ಇರು, ಹೋಗ್ಬೇಡ. ಇದನ್ನ ಎಲ್ಲಿ ನಿಲ್ಲಿಸ್ಲಿ? ಹ್ಞಾಂ, ಈ ಕಿಟಕಿ ಮೇಲೆ ಸರಿ."

ಫೋನು ಅಲುಗಾಡಿ ನಿಂತಿತು. ಅಜ್ಜಿ ಹಿಂದೆ ಹಿಂದೆ ನಡೆದಳು. ಮೊದಲು ಮುಖ, ಆಮೇಲೆ ಕೈ, ಆಮೇಲೆ ಸೀರೆ. ಹಜಾರದ ಆ ಕೊನೆಗೆ ಹೋಗಿ ನಿಂತು ಸೀರೆಯ ನೆರಿಗೆಯನ್ನು ಚೂರು ಮೇಲೆತ್ತಿದಳು.

"ನೋಡೋ ಮರಿ! ಒಂದಲ್ಲ, ಎರಡಿದೆ! ಇದು ವ್ಯಾನಿನಲ್ಲಿ ದಿನಾ ಹತ್ತಿ ಇಳಿಯೋ ಕಾಲು!"

ಅಜ್ಜಿ ಹಜಾರದ ಉದ್ದಕ್ಕೂ ನಡೆದು ತೋರಿಸಿದಳು. ತಿರುಗಿ ಬೆನ್ನು ತೋರಿಸಿದಳು. ಸೊಂಟ ಹಿಡಿದುಕೊಂಡು ಒಂದು ಸಲ ಕುಪ್ಪಳಿಸಿದಳು ಕೂಡ. ನಾಯಿಮರಿ ಬಾಲ ಅಲ್ಲಾಡಿಸುತ್ತ ಓಡಿಬಂತು. ಅಜ್ಜಿ ಅದನ್ನು ಎತ್ತಿ ಪಕ್ಕದ ಕೋಣೆಗೆ ಬಿಟ್ಟು ಬಾಗಿಲು ಹಾಕಿ ಬಂದಳು.

ಉಂಡೆ ಟಬ್ಬಿನ ಅಂಚಿನ ಮೇಲೆ ಗಲ್ಲವಿಟ್ಟು ನೋಡುತ್ತಿದ್ದ. "ದೊಡ್ಡ ಅಜ್ಜಿ" ಎಂದ ಬೆರಗಿನಿಂದ.

"ಏನಂದ?" ಅಜ್ಜಿ ಏದುಸಿರು ಬಿಡುತ್ತ ಫೋನಿನ ಮುಂದೆ ಬಂದಳು. "ನಿಜವಾಗಿ ಏನಂದ?"

"ದೊಡ್ಡ ಅಜ್ಜಿ ಅಂದ. ಅಷ್ಟೇ. ನಿಜವಾಗಿ."

ಅಜ್ಜಿ ಆ ಎರಡು ಪದಗಳನ್ನು ತನ್ನಷ್ಟಕ್ಕೆ ಇನ್ನೊಂದು ಸಲ ಹೇಳಿಕೊಂಡಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಏರ್‌ಪೋರ್ಟಿನಲ್ಲಿ ಅವನು ಓಡಿ ಬರದಿದ್ರೆ ಬೇಡ. ದೂರ ನಿಂತೇ ನೋಡ್ಲಿ. ವ್ಯಾನಿಗೆ ಹೊಸ ಮಕ್ಕಳು ಬಂದಾಗ ನಾನೂ ಹಾಗೇ ಬಿಡ್ತೀನಿ. ಅವರೇ ಒಂದಿನ ಬಂದು ಕೈ ಹಿಡೀತಾರೆ." ಆಮೇಲೆ ಅಜ್ಜಿ ಕನ್ನಡಕ ಹಾಕಿಕೊಂಡು ಕೇಳಿದಳು. "ಮತ್ತೆ ನೀನು?"

"ನಾನಾ?"

"ಹ್ಞೂಂ, ನೀನೇ. ತಮ್ಮನ ಮಾತು ನೀನು ಹೇಳ್ತೀಯ, ಅಪ್ಪ ಅಮ್ಮನ ಮಾತೂ ನೀನೇ ಹೇಳ್ತೀಯ. ನಿಂದೇನು? ಇಲ್ಲಿಗೆ ಬರೋಕೆ ನಿನಗೆ ಹೇಗನ್ಸುತ್ತೆ?"

"ನನಗೇನು ಅಜ್ಜಿ, ನಾನು ಚೆನ್ನಾಗಿ..."

ವಕೀಲಮ್ಮನಿಗೆ ಕ್ಲಾಸಿನಲ್ಲಿ ಪಕ್ಕ ಕೂರುವ ಗೆಳತಿ ನೆನಪಾದಳು. ಊರಿನ ಶಾಲೆಯಲ್ಲಿ ಬೋರ್ಡಿನ ಮೇಲಿನ ಕನ್ನಡವನ್ನು ಎಲ್ಲರೂ ಸರಸರ ಓದುವಾಗ ತಾನು ಕೂಡಿಸಿ ಕೂಡಿಸಿ ಓದಬೇಕು. ಯಾರ ಪಕ್ಕ ಕೂರಬೇಕೋ ಗೊತ್ತಿಲ್ಲ. ಇದನ್ನೆಲ್ಲ ಹೇಳೋಣವೆಂದು ಬಾಯಿ ತೆರೆದರೆ ಅಳು ಬಂತು. ಅವಳು ಮುಖವನ್ನು ಮೊಣಕಾಲಿನ ನಡುವೆ ಹುದುಗಿಸಿಕೊಂಡಳು.

"ಏನೇ? ಏನಾಯ್ತೇ?" ಅಜ್ಜಿ ಗಾಬರಿಯಾದಳು.

ಉಂಡೆ ಅಕ್ಕನನ್ನು ನೋಡಿದ. ಬಗ್ಗಿ ಅವಳ ಮುಖ ಇಣುಕಿದ. ಆಮೇಲೆ ತನ್ನ ದಿಂಬನ್ನು ತಂದು ಅವಳ ಬೆನ್ನಿಗೆ ಒತ್ತಿ, ಫೋನಿನ ಮುಂದೆ ಹೋಗಿ ಕೂತ. ಕತ್ತಲಿಗೆ ಹೆದರಿದಾಗ ಅಮ್ಮ ಅವನನ್ನು ಸಮಾಧಾನ ಮಾಡುತ್ತ ಹೇಳುವ ಒಂದು ಪದವಿತ್ತು. ಅದನ್ನು ಹುಡುಕಿ ತೆಗೆದ.

"ಅಜ್ಜಿ," ಎಂದ. "ಅಕ್ಕ... ಬಯ."

"ಅಕ್ಕಂಗೆ ಭಯಾನಾ ಮರಿ?"

"ಹೂಂ. ಅಕ್ಕ ತುಂಬಾ ಬಯ."

ಕಣ್ಣಿಗೆ ಸೋಪು ಹೋಯ್ತು ಅಜ್ಜಿ ಎಂದುಬಿಡಬಹುದಿತ್ತು. ಆ ಮಾತು ವಕೀಲಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

ಉಂಡೆ ಇನ್ನೂ ಏನೋ ಹೇಳಬೇಕೆಂದು ಹಣೆ ಗಂಟಿಕ್ಕಿ ಕನ್ನಡದ ಪದ ಹುಡುಕುತ್ತಿದ್ದ. ಅವಳು ಸಹಾಯ ಮಾಡಲಿಲ್ಲ. ಅವನು ಹುಡುಕಿ ಮುಗಿಸುವವರೆಗೆ ಮೂಗು ಒರೆಸಿಕೊಂಡು ಅವನ ಪಕ್ಕದಲ್ಲಿ ಸುಮ್ಮನೆ ಕೂತಳು.